ಒಂದು ಭರಣಿ ಮನ್ನ

ಧ್ಯಾನಕ್ಕಾಗಿ: ವಿಮೋಚನಾಕಾಂಡ 16:14-34, ಸಂಖ್ಯಾಕಾಂಡ 11:4-6, ಯೊವಾನ್ನ 20:11-18



ತೆನೆ ಹಬ್ಬದ ನವೇನ ಹತ್ತಿರ ಬಂತು. ಯುವಜನರ ಭಾನುವಾರದಂದು ನಾನು ಹಂಚಿಕೊಂಡ ಮಾತುಗಳನ್ನು ಪತ್ರಿಕೆಗೂ ಬರೆದುಕೊಡಬೇಕೆಂದು ಫಾದರ್ ಹೇಳಿದ್ದಾರೆ. ನಾನು ಓದಿದ್ದು ಬಿ.ಎಸ್ಸಿ., ದೈವಶಾಸ್ತ್ರವಲ್ಲ. ತಪ್ಪಿದ್ದರೆ ಹಿರಿಯರು ತಿದ್ದಬೇಕು.

ಮೊದಲು ಒಂದು ಸುಳ್ಳನ್ನು ಒಪ್ಪಿಕೊಳ್ಳುತ್ತೇನೆ. ಯುವಜನರ ಸಭೆಯಲ್ಲಿ ಹಬ್ಬದ ಸಂಜೆಯ ಕಾರ್ಯಕ್ರಮದ ಬಗ್ಗೆ ಮಾತಾಡುತ್ತಿದ್ದೆವು. ಒಬ್ಬ ಹುಡುಗ ಹೇಳಿದ: "ಈ ಸಲ ಹಳೆಯ ಟಿವಿ ಗೇಮ್ ಇಡುವ. ಮಾರಿಯೋ, ಕಾಂಟ್ರಾ ಎಲ್ಲ. ದೊಡ್ಡವರೂ ಆಡಲಿ." ಎಲ್ಲರಿಗೂ ಖುಷಿಯಾಯಿತು. ನಮ್ಮ ವಾಳೆಯ ಇನ್ನೊಬ್ಬಳು ನನ್ನ ಕಡೆ ತಿರುಗಿ, "ನಿಮ್ಮ ಮನೆಯಲ್ಲಿ ಒಂದು ಉಂಟಲ್ಲ?" ಎಂದಳು. ನಾನು ತಕ್ಷಣ ಹೇಳಿದೆ: "ಅದು ಹಾಳಾಗಿ ಹೋಗಿದೆ."

ಅದು ಹಾಳಾಗಿಲ್ಲ. ನೆಕ್ರಾಜೆಯ ನಮ್ಮ ಮನೆಯ ಅಟ್ಟದ ಮೇಲೆ, ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿ ಒಂದು ರಟ್ಟಿನ ಪೆಟ್ಟಿಗೆಯಲ್ಲಿದೆ. ಅದನ್ನು ಅಲ್ಲಿಟ್ಟವರು ಬೇರೆ ಯಾರೂ ಅಲ್ಲ, ನಾನೇ.

ದೊಡ್ಡಪ್ಪ ಗಲ್ಫಿನಿಂದ ಬರುವಾಗ ತಂದ ಆಟ ಅದು. ನನಗಾಗ ಎಂಟು ವರ್ಷ, ದೊಡ್ಡಪ್ಪನ ಮಗನಿಗೆ ಹದಿನಾಲ್ಕು. ಸ್ವಂತ ಅಣ್ಣ ಇಲ್ಲದ ನನಗೆ ಅವನೇ ಅಣ್ಣ. ಅವರ ಮನೆಗೂ ನಮ್ಮ ಮನೆಗೂ ನಡುವೆ ಒಂದು ಅಡಿಕೆ ತೋಟ, ತೋಟದ ನಡುವೆ ಒಂದು ಕಾಲುದಾರಿ. ಮಳೆಗಾಲದ ರಜೆಯ ದಿನ ಅಣ್ಣ ಪೆಟ್ಟಿಗೆಯನ್ನು ಪ್ಲಾಸ್ಟಿಕ್ ಚೀಲದಲ್ಲಿಟ್ಟು, ತಲೆಗೆ ಗೊರಬೆ ಹಾಕಿಕೊಂಡು ನಮ್ಮ ಮನೆಗೆ ಓಡಿಬರುತ್ತಿದ್ದ. ಕ್ಯಾಸೆಟ್ ಹಿಡಿಯದಿದ್ದರೆ ಅದರ ಬಾಯಿಗೆ ಊದುವುದು. ಕ್ಯಾಸೆಟಿನ ಮೇಲೆ 9999 ಆಟ ಎಂದು ಬರೆದಿತ್ತು. ನೋಡಿದರೆ ಅವೇ ಕೆಲವು ಆಟಗಳು ಹೆಸರು ಬದಲಿಸಿ ತಿರುಗಿ ತಿರುಗಿ ಬರುತ್ತಿದ್ದವು. ನಮಗೆ ಬೇಕಾದದ್ದು ಒಂದೇ: ಕಾಂಟ್ರಾ.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಕಾಂಟ್ರಾ ಜಪಾನಿನ ಕೊನಾಮಿ ಕಂಪನಿ 1987ರಲ್ಲಿ ಮಾಡಿದ ಆಟ. ಮನೆಯ ಟಿವಿಯಲ್ಲಿ ಆಡುವಂಥದ್ದು 1988ರಲ್ಲಿ ಬಂತು. ಇಬ್ಬರು ಸೈನಿಕರು, ಇಬ್ಬರು ಆಟಗಾರರು. ಒಬ್ಬನ ಲೈಫ್ ಎಲ್ಲ ಮುಗಿದರೆ ಜೊತೆಗಾರನ ಲೈಫನ್ನು ಎರವಲು ಪಡೆಯಬಹುದು. ನಾನು ಬೇಗ ಬೇಗ ಸಾಯುತ್ತಿದ್ದೆ. ಅಣ್ಣನ ಲೈಫ್ ತೆಗೆದುಕೊಂಡೇ ಮುಂದೆ ಹೋಗುತ್ತಿದ್ದೆ. "ತಕೋ ಮಾರಾಯ, ನನ್ನತ್ರ ಉಂಟು" ಎನ್ನುತ್ತಿದ್ದ.

ಆ ಪೆಟ್ಟಿಗೆಯನ್ನು ನಾನು ಬಿಚ್ಚದೆ ವರ್ಷಗಳಾದವು. ಅದಕ್ಕೆ ನನ್ನ ಹತ್ತಿರ ಒಂದು ಒಳ್ಳೆಯ ಕಾರಣವಿತ್ತು. ಕಾಲೇಜಿನಲ್ಲಿದ್ದಾಗ ಲ್ಯಾಪ್‌ಟಾಪಿನಲ್ಲಿ ಡೇಂಜರಸ್ ಡೇವ್ ಸಿಕ್ಕಿತು. ಚಿಕ್ಕಂದಿನಲ್ಲಿ ಅದು ನನಗೆ ಒಂದು ಇಡೀ ಲೋಕ. ಸಂಭ್ರಮದಿಂದ ಆಡಿದೆ. ಹತ್ತು ನಿಮಿಷಕ್ಕೆ ಬೇಸರ ಬಂತು. ಅಷ್ಟೇನಾ ಅನ್ನಿಸಿತು. ಆ ದಿನದಿಂದ ಚಿಕ್ಕಂದಿನ ಡೇವನ್ನು ನೆನೆಸಿಕೊಂಡರೆ ಹಾಸ್ಟೆಲ್ ಕೋಣೆಯ ಆ ಬೇಸರವೇ ಮೊದಲು ನೆನಪಾಗುತ್ತದೆ. ಆಗ ನಿರ್ಧಾರ ಮಾಡಿದೆ: ಪ್ರೀತಿಯ ಹಳೆಯ ಆಟಗಳನ್ನು ಮತ್ತೆ ಆಡಬಾರದು. ಕಾಂಟ್ರಾವನ್ನಂತೂ ಮುಟ್ಟಲೇಬಾರದು.

ಹೀಗೆ ಮಾಡುವುದು ನಾನೊಬ್ಬಳೇ ಅಲ್ಲ. ಚಿಕ್ಕಂದಿನಲ್ಲಿ ಅಳಿಸಿದ ಸಿನಿಮಾವನ್ನು ಮತ್ತೆ ನೋಡದವರು ಇದ್ದಾರೆ. ಓದಿದ ಶಾಲೆಯ ಎದುರು ಬಸ್ಸಿನಲ್ಲಿ ಹೋಗುವಾಗ ಮುಖ ತಿರುಗಿಸುವವರು ಇದ್ದಾರೆ. ಹಂಚಿನ ಮನೆ ಹೋಗಿ ತಾರಸಿ ಮನೆ ಬಂದಲ್ಲಿಗೆ ಕಾಲಿಡಲು ಮನಸ್ಸಾಗದೆ ಗಲ್ಫಿನಲ್ಲೇ ರಜೆ ಕಳೆಯುವವರೂ ಇದ್ದಾರೆ. ಇದು ಬರೀ ಹುಚ್ಚಲ್ಲ. ಆಟ ಅಂದರೆ ಕ್ಯಾಸೆಟ್ ಮಾತ್ರ ಅಲ್ಲ, ಅದರ ಸುತ್ತ ಇದ್ದ ಎಲ್ಲವೂ ಸೇರಿ ಆಟ. ಅದೇ ಕ್ಯಾಸೆಟಿನಲ್ಲಿ ಬಾತುಕೋಳಿಗೆ ಗುಂಡು ಹೊಡೆಯುವ ಡಕ್ ಹಂಟ್ ಇರುತ್ತಿತ್ತಲ್ಲ? ಅದರ ಪಿಸ್ತೂಲಿನಿಂದ ಗುಂಡು ಹೊರಡುವುದಿಲ್ಲ. ಅದರ ಬಾಯಲ್ಲಿ ಬೆಳಕನ್ನು ಗುರುತಿಸುವ ಒಂದು ಸಣ್ಣ ಕಣ್ಣಿದೆ. ಕುದುರೆ ಎಳೆದಾಗ ಟಿವಿ ಕ್ಷಣಮಾತ್ರ ಕಪ್ಪಾಗಿ, ಹಕ್ಕಿ ಇರುವಲ್ಲಿ ಬಿಳಿ ಚೌಕ ಮೂಡುತ್ತದೆ. ಪಿಸ್ತೂಲು ಆ ಬಿಳಿಯನ್ನು ಹಿಡಿಯುತ್ತದೆ. ಈ ಲೆಕ್ಕವೆಲ್ಲ ಹಳೆಯ ಪಿಕ್ಚರ್ ಟ್ಯೂಬ್ ಟಿವಿಯ ವೇಗಕ್ಕೆ ಕಟ್ಟಿದ್ದು. ಈಗಿನ ತೆಳು ಟಿವಿಯಲ್ಲಿ ಚಿತ್ರ ಸ್ವಲ್ಪ ತಡವಾಗಿ ಮೂಡುವುದರಿಂದ ಗುರಿ ಸರಿಯಿದ್ದರೂ ಹಕ್ಕಿ ಬೀಳುವುದಿಲ್ಲ. ಆಟ ಹಾಳಾಗಿಲ್ಲ, ಆಡುವವರೂ ತಪ್ಪಿಲ್ಲ. ಅದು ನಡೆಯುತ್ತಿದ್ದ ಜಾಗವೇ ಹೋಗಿಬಿಟ್ಟಿದೆ.

ಪ್ರಿಯರೇ, ಪವಿತ್ರ ಬೈಬಲ್ ಈ ಮಾತನ್ನು ಬಲ್ಲದು. ಮರಳುಗಾಡಿನಲ್ಲಿ ಇಸ್ರಯೇಲರಿಗೆ ಸರ್ವೇಶ್ವರ ಮನ್ನ ಕೊಟ್ಟರು. ಆಯಾ ದಿನಕ್ಕೆ ಬೇಕಾದಷ್ಟು ಮಾತ್ರ ಕೂಡಿಸಿಕೊಳ್ಳಿ, ಮರುದಿನಕ್ಕೆ ಇಟ್ಟುಕೊಳ್ಳಬೇಡಿ ಎಂದು ಮೋಶೆ ಹೇಳಿದರು. ಕೆಲವರು ಕೇಳಲಿಲ್ಲ. ಬೆಳಿಗ್ಗೆ ನೋಡಿದರೆ ಹುಳ ಬಿದ್ದು ನಾರುತ್ತಿತ್ತು. ನಿನ್ನೆಯ ಸಿಹಿಯನ್ನು ಇಂದಿಗೂ ತಿನ್ನುತ್ತೇನೆ ಎಂದರೆ ಆಗುವುದು ಇದೇ. ಡೇವ್ ಆಡಿದ ಆ ರಾತ್ರಿ ನನಗೂ ಹೀಗೇ ಆಯಿತು.

ಆದರೆ ಅದೇ ಅಧ್ಯಾಯದ ಕೊನೆಯನ್ನು ನಾವು ಬೇಗ ಓದಿ ಮುಗಿಸುತ್ತೇವೆ. ಒಂದು ಓಮೆರ್ ಮನ್ನವನ್ನು, ಅಂದರೆ ಒಬ್ಬರ ಒಂದು ದಿನದ ಪಾಲನ್ನು, ಭರಣಿಯಲ್ಲಿ ತುಂಬಿ ದೇವಸನ್ನಿಧಿಯಲ್ಲಿ ಇಡಬೇಕೆಂದು ಅಪ್ಪಣೆಯಾಯಿತು. ಮುಂದಿನ ತಲೆಮಾರುಗಳು ನೋಡಲಿ, ದೇವರು ನಮ್ಮನ್ನು ಹೇಗೆ ಸಾಕಿದರು ಎಂದು ತಿಳಿಯಲಿ ಎಂದು. ಡೇರೆಯಲ್ಲಿ ಬಚ್ಚಿಟ್ಟ ಮನ್ನಕ್ಕೆ ಹುಳ ಬಿತ್ತು. ದೇವರ ಮುಂದೆ ಇಟ್ಟ ಮನ್ನ ಸಾಕ್ಷಿಯಾಗಿ ಉಳಿಯಿತು. ಇದನ್ನು ಯಾರೂ ಮತ್ತೆ ತಿನ್ನಲು ಇಟ್ಟದ್ದಲ್ಲ, ಕೃತಜ್ಞತೆಗಾಗಿ ಇಟ್ಟದ್ದು.

ಹಾಗಾಗಿ ಹಳೆಯ ಆಟವೊಂದನ್ನು ಮತ್ತೆ ಆಡದೆ ಬಿಡುವುದರಲ್ಲಿ ತಪ್ಪೇನೂ ಇಲ್ಲ ಎಂದೇ ನನಗೆ ಅನ್ನಿಸುತ್ತದೆ. "ದೇವರೇ, ಇದನ್ನು ಕೊಟ್ಟಿರಿ, ಸಾಕು, ವಂದನೆ" ಎಂದು ಮುಚ್ಚಿಡುವುದೂ ಒಂದು ಪ್ರಾರ್ಥನೆ.

ಇಲ್ಲಿಗೆ ಮುಗಿದಿದ್ದರೆ ನಾನು ಸಭೆಯಲ್ಲಿ ಸುಳ್ಳು ಹೇಳಬೇಕಾಗಿರಲಿಲ್ಲ.

ಆ ಸಂಜೆ ಮನೆಗೆ ಬಂದು ಅಮ್ಮನ ಹತ್ತಿರ ಹೇಳಿದೆ: "ಅಮ್ಮ, ಅಣ್ಣನ ಜೊತೆ ಆಡ್ತಿದ್ದದ್ದು ಎಷ್ಟು ಚಂದ ಇತ್ತಲ್ವಾ? ಒಂದು ದಿನವೂ ಜಗಳ ಆಗ್ಲಿಲ್ಲ." ಅಮ್ಮ ತೆಂಗಿನಕಾಯಿ ತುರಿಯುವುದನ್ನು ನಿಲ್ಲಿಸಿದರು. "ಜಗಳ ಆಗ್ಲಿಲ್ವಾ? ಸೋತ ಸಿಟ್ಟಿಗೆ ನೀನು ಅದರ ರಿಮೋಟನ್ನು ಬಿಸಾಡಿ ಅವನ ಹುಬ್ಬು ಒಡೆದದ್ದು ಯಾರು? ಎರಡು ಹೊಲಿಗೆ ಬಿತ್ತು ಮಗಾ. ಅವನು ದೊಡ್ಡಮ್ಮನ ಹತ್ರ ಜಾರಿ ಬಿದ್ದೆ ಅಂತ ಹೇಳಿದ."

ನನಗೆ ಅದು ನೆನಪೇ ಇರಲಿಲ್ಲ. ನಿಜವಾಗಿಯೂ ಇರಲಿಲ್ಲ. ಯಾರೂ ಮುಟ್ಟದ ಹಾಗೆ ಕಾಪಾಡಿದ ನೆನಪು ಎಂದುಕೊಂಡಿದ್ದೆ. ಆದರೆ ನಾನೇ ಅದರಲ್ಲಿ ನನ್ನ ತಪ್ಪನ್ನು ಅಳಿಸಿ, ಉಳಿದದ್ದನ್ನು ಚಂದ ಮಾಡಿ ಇಟ್ಟುಕೊಂಡಿದ್ದೆ.

ನಮ್ಮ ಮಿದುಳು ಹೀಗೆಯೇ ಇದೆಯಂತೆ. 2000ನೇ ಇಸವಿಯಲ್ಲಿ ಕರೀಂ ನಾದರ್, ಗ್ಲೆನ್ ಶಾಫೆ, ಜೋಸೆಫ್ ಲೆಡೂ ಎಂಬ ವಿಜ್ಞಾನಿಗಳು ಇಲಿಗಳ ಮೇಲೆ ಒಂದು ಪ್ರಯೋಗ ಪ್ರಕಟಿಸಿದರು. ಹಿಂದೆ ಕಲಿತ ಒಂದು ಭಯವನ್ನು ಇಲಿಗೆ ನೆನಪಿಸಿದ ಕೂಡಲೇ ಮಿದುಳಿಗೆ ಒಂದು ಔಷಧ ಕೊಟ್ಟರೆ ಆ ಭಯ ಮಾಸಿಹೋಗುತ್ತಿತ್ತು. ನೆನಪಿಸದೆ ಔಷಧ ಕೊಟ್ಟರೆ ಹಾಗಾಗುತ್ತಿರಲಿಲ್ಲ. ಅಂದರೆ ನೆನಪು ಕಲ್ಲಿನಲ್ಲಿ ಕೆತ್ತಿದ್ದಲ್ಲ. ಹೊರಗೆ ತೆಗೆದಾಗ ಅದು ಹಸಿ ಮಣ್ಣಿನಂತೆ ಮೆತ್ತಗಾಗಬಲ್ಲದು, ಮತ್ತೆ ಒಣಗುವಾಗ ಬೇರೆ ಆಕಾರ ಪಡೆಯಬಲ್ಲದು. ಪೆಟ್ಟಿಗೆ ತೆರೆಯದಿದ್ದರೂ ನಾನು ನೂರು ಸಲ ನೆನೆಸಿಕೊಂಡಿದ್ದೆ. ಬೆರಳು ತಾಗುತ್ತಲೇ ಇತ್ತು.

ಇಸ್ರಯೇಲರಿಗೂ ಹೀಗೇ ಆಯಿತು. ಮನ್ನ ತಿಂದು ಬೇಸರವಾದಾಗ ಅವರು ಈಜಿಪ್ಟಿನ ಮೀನು, ಸೌತೆಕಾಯಿ, ಕರ್ಬೂಜ, ಈರುಳ್ಳಿ, ಬೆಳ್ಳುಳ್ಳಿ ನೆನೆಸಿಕೊಂಡು ಅತ್ತರು. ಪಟ್ಟಿ ಎಷ್ಟು ಸರಿಯಾಗಿದೆ ನೋಡಿ! ಆದರೆ ಅದೇ ಈಜಿಪ್ಟಿನಲ್ಲಿ ಮಣ್ಣು ಕಲಸಿ ಇಟ್ಟಿಗೆ ಮಾಡಿದ್ದು, ಬೆನ್ನಿಗೆ ಬಿದ್ದ ಏಟು, ನದಿಗೆ ಎಸೆದ ಮಕ್ಕಳು, ಇವು ಯಾವುವೂ ಆ ಪಟ್ಟಿಯಲ್ಲಿಲ್ಲ. ಈರುಳ್ಳಿ ನೆನಪಿದೆ, ಸಂಕೋಲೆ ನೆನಪಿಲ್ಲ.

ಈಗ ನಿಜವಾದ ಮಾತಿಗೆ ಬರುತ್ತೇನೆ. ದೊಡ್ಡಪ್ಪನ ಮನೆಯವರಿಗೂ ನಮಗೂ ಮಾತು ನಿಂತು ಒಂಬತ್ತು ವರ್ಷವಾಯಿತು. ಆಸ್ತಿ ಪಾಲಾಗುವಾಗ ಆ ತೋಟದ ಕಾಲುದಾರಿಯ ವಿಷಯದಲ್ಲಿ ಮಾತಿಗೆ ಮಾತು ಬೆಳೆಯಿತು. ಈಗ ಅಲ್ಲಿ ಬೇಲಿ ಇದೆ. ಅಣ್ಣ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ. ಪ್ರತಿ ತೆನೆ ಹಬ್ಬಕ್ಕೆ ಊರಿಗೆ ಬರುತ್ತಾನೆ. ಒಂದೇ ಬಲಿಪೂಜೆಯಲ್ಲಿ ಭಾಗವಹಿಸುತ್ತೇವೆ. ಒಂದೇ ಬುಟ್ಟಿಯಿಂದ ಆಶೀರ್ವದಿಸಿದ ತೆನೆ ತೆಗೆದುಕೊಳ್ಳುತ್ತೇವೆ. ಮೆಟ್ಟಿಲು ಇಳಿಯುವಾಗ ಅವನು ಆಚೆ ನೋಡುತ್ತಾನೆ, ನಾನು ಈಚೆ ನೋಡುತ್ತೇನೆ. ಹೊಸ ಅಕ್ಕಿಯ ಊಟಕ್ಕೆ ಅವರ ಬಾಳೆಲೆ ನಮ್ಮಲ್ಲಿ ಬೀಳುವುದಿಲ್ಲ, ನಮ್ಮದು ಅಲ್ಲಿ ಬೀಳುವುದಿಲ್ಲ.

ಇಷ್ಟು ವರ್ಷ ಇದು ನನ್ನನ್ನು ಅಷ್ಟಾಗಿ ಕಾಡಲಿಲ್ಲ. ಯಾಕೆ ಎಂದು ಈಗ ಗೊತ್ತಾಗಿದೆ. ನನ್ನ ಹತ್ತಿರ ಅಟ್ಟದ ಮೇಲಿನ ಅಣ್ಣ ಇದ್ದ. ಹದಿನಾಲ್ಕು ವರ್ಷದವನು, ನಗುವವನು, ಲೈಫ್ ಕೊಡುವವನು. ಅವನಿದ್ದ ಕಾರಣ ಮೆಟ್ಟಿಲಿನ ಮೇಲೆ ನಿಂತ, ಕೂದಲು ಸ್ವಲ್ಪ ಉದುರಿದ, ನನ್ನ ಅಪ್ಪನ ಮೇಲೆ ಸಿಟ್ಟಿರುವ ಅಣ್ಣ ನನಗೆ ಬೇಕಾಗಿರಲಿಲ್ಲ. ಆಟವನ್ನು ಕಾಪಾಡುತ್ತೇನೆ ಎಂದುಕೊಂಡು, ಜೀವಂತ ಮನುಷ್ಯನನ್ನು ನೆನಪಿನ ಬೆಡ್‌ಶೀಟಿನಲ್ಲಿ ಸುತ್ತಿ ಮೇಲಿಟ್ಟಿದ್ದೆ.

ಪುನರುತ್ಥಾನದ ಬೆಳಿಗ್ಗೆ ಮಗ್ದಲದ ಮರಿಯ ಸಮಾಧಿಯ ಬಳಿ ಅಳುತ್ತಿದ್ದಳು. ತಾನು ಬಲ್ಲ ಯೇಸುವನ್ನು, ಸತ್ತ ಯೇಸುವನ್ನು, ಅವಳು ಹುಡುಕುತ್ತಿದ್ದಳು. ಎದುರಿಗೆ ಜೀವಂತ ಪ್ರಭುವೇ ನಿಂತಿದ್ದರೂ ಗುರುತು ಸಿಗಲಿಲ್ಲ, ತೋಟಗಾರನೆಂದುಕೊಂಡಳು. ಹೆಸರು ಹಿಡಿದು ಕರೆದಾಗ ಗುರುತು ಸಿಕ್ಕಿತು. ಆಗ ಪ್ರಭು ಹೇಳಿದ ಮೊದಲ ಮಾತು, ತಮ್ಮನ್ನು ಹಿಡಿದುಕೊಂಡಿರಬೇಡ ಎಂದು. ಎರಡನೆಯ ಮಾತು, ತಮ್ಮ ಸಹೋದರರ ಬಳಿಗೆ ಹೋಗು ಎಂದು. ಈ ಎರಡೂ ಮಾತು ಒಂದೇ ವಾಕ್ಯದ ಹಾಗೆ ಒಟ್ಟಿಗೆ ಬರುತ್ತವೆ. ನಾನು ಮೊದಲನೆಯದನ್ನು ಪಾಲಿಸುತ್ತಿದ್ದೇನೆ ಎಂದುಕೊಂಡಿದ್ದೆ, ಆಟ ಹಿಡಿದುಕೊಳ್ಳಲಿಲ್ಲವಲ್ಲ! ಎರಡನೆಯದನ್ನು ಕೇಳಿಸಿಕೊಂಡಿರಲೇ ಇಲ್ಲ.

ಹಳೆಯದಕ್ಕಾಗಿ ಹಂಬಲಿಸುವುದಕ್ಕೆ ನಾಸ್ಟಾಲ್ಜಿಯಾ ಎನ್ನುತ್ತಾರೆ. 1688ರಲ್ಲಿ ಯೋಹಾನ್ನೆಸ್ ಹೋಫರ್ ಎಂಬ ವೈದ್ಯ ವಿದ್ಯಾರ್ಥಿ ಬಾಸೆಲ್ ನಗರದಲ್ಲಿ ತನ್ನ ಪ್ರಬಂಧಕ್ಕಾಗಿ ಕಟ್ಟಿದ ಪದ ಅದು. ಗ್ರೀಕ್ ಭಾಷೆಯಲ್ಲಿ ನೊಸ್ತೋಸ್ ಎಂದರೆ ಮನೆಗೆ ಮರಳುವುದು, ಆಲ್ಗೋಸ್ ಎಂದರೆ ನೋವು. ಅವನ ಪ್ರಕಾರ ಅದೊಂದು ಕಾಯಿಲೆ. ಅದಕ್ಕೆ ಅವನು ಹೇಳಿದ ಔಷಧವೂ ಸರಳ: ರೋಗಿಯನ್ನು ಮನೆಗೆ ಕಳುಹಿಸಿ. ನನ್ನ ಮನೆ ಬೇಲಿಯ ಆಚೆಯೇ ಇತ್ತು.

ಕಾಂಟ್ರಾದಲ್ಲಿ ಮೂರನೆಯ ಹಂತ ಒಂದು ಜಲಪಾತ. ಕೆಳಗಿನಿಂದ ಬಂಡೆ ಬಂಡೆ ಹಾರಿ ಮೇಲಕ್ಕೆ ಏರಬೇಕು. ಒಬ್ಬ ಬೇಗ ಏರಿದರೆ ಪರದೆಯೂ ಅವನ ಜೊತೆ ಮೇಲೇರುತ್ತದೆ, ಕೆಳಗೆ ಉಳಿದವನು ಪರದೆಯಿಂದ ಹೊರಗೆ ಬಿದ್ದು ಸಾಯುತ್ತಾನೆ. ಶತ್ರುವಿನ ಗುಂಡು ತಾಗಬೇಕೆಂದಿಲ್ಲ, ಜೊತೆಗಾರ ಕಾಯದಿದ್ದರೆ ಸಾಕು. ಅಣ್ಣ ಅಲ್ಲಿ ಯಾವಾಗಲೂ ನಿಂತು ಕಾಯುತ್ತಿದ್ದ. "ಗಡಿಬಿಡಿ ಮಾಡ್ಬೇಡ, ನೀನು ಬಾ, ನಾನು ನಿಲ್ತೇನೆ." ಈ ಒಂಬತ್ತು ವರ್ಷ ನಾನು ಒಮ್ಮೆಯೂ ನಿಲ್ಲಲಿಲ್ಲ.

ಮರುದಿನ ಪಾಪನಿವೇದನೆ ಮಾಡಿದೆ. ಆಮೇಲೆ ಫೋನ್ ಮಾಡಿದೆ. ಬಲಿಪೀಠಕ್ಕೆ ಕಾಣಿಕೆ ತರುವಾಗ ಸಹೋದರನಿಗೆ ನಮ್ಮ ಮೇಲೆ ಮನಸ್ತಾಪ ಇದ್ದದ್ದು ನೆನಪಾದರೆ, ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಹೋಗಿ ರಾಜಿಯಾಗಬೇಕು ಎನ್ನುತ್ತದಲ್ಲ ಶುಭಸಂದೇಶ (ಮತ್ತಾಯ 5:23-24), ತೆನೆಯ ಬುಟ್ಟಿಗೆ ಕೈಹಾಕುವ ಮೊದಲು ಅದು ಆಗಬೇಕಿತ್ತು. ಮೊದಲ ಸಲ ಎತ್ತಲಿಲ್ಲ. ರಾತ್ರಿ ಅವನೇ ಮಾಡಿದ. "ಎಂತ? ಅಜ್ಜಿಗೆ ಏನಾದ್ರೂ ಆಯ್ತಾ?" ಎಂದು ಹೆದರಿ ಕೇಳಿದ. ಏನೂ ಆಗಲಿಲ್ಲ ಎಂದೆ. ಹುಬ್ಬಿನ ಗಾಯಕ್ಕೆ ಕ್ಷಮೆ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. "ಕಲೆ ಉಂಟು ಈಗಲೂ. ಕನ್ನಡಿ ನೋಡುವಾಗ ಕಾಣ್ತದೆ" ಎಂದ. ಆಮೇಲೆ ಕೇಳಿದ: "ಆ ಪೆಟ್ಟಿಗೆ ಉಂಟಾ?" ಉಂಟು ಎಂದೆ. "ಹಾಕ್ಬೇಡ ಮಾರಾಯ. ನಾನು ಇಲ್ಲಿ ಕಂಪ್ಯೂಟರಿನಲ್ಲಿ ಹಾಕಿ ನೋಡಿದೆ, ಒಬ್ಬನೇ. ಆಗ್ಲಿಲ್ಲ ನನಗೆ. ಅದು ಹಾಗೇ ಇರ್ಲಿ."

ಪೆಟ್ಟಿಗೆ ಹಾಗೆಯೇ ಇದೆ. ನಾವಿಬ್ಬರೂ ಆಡುವುದಿಲ್ಲ. ಆದರೆ ಈಗ ಅದು ಬಚ್ಚಿಟ್ಟ ಪೆಟ್ಟಿಗೆಯಲ್ಲ, ಇಬ್ಬರಿಗೂ ಸೇರಿದ ಭರಣಿ. ದಾರಿಯ ವಿಷಯ ಬಗೆಹರಿದಿಲ್ಲ. ಅಪ್ಪ, ದೊಡ್ಡಪ್ಪ ಇನ್ನೂ ಮಾತಾಡಿಲ್ಲ. ಎಲ್ಲ ಸರಿಯಾಯಿತು ಎಂದು ಬರೆದರೆ ಇನ್ನೊಂದು ಸುಳ್ಳಾದೀತು. ಹಬ್ಬದ ದಿನ ಅಜ್ಜಿಯನ್ನು ನೋಡಲು ಬರುತ್ತೇನೆ ಎಂದಿದ್ದಾನೆ. ಒಂದು ಎಲೆ ಹೆಚ್ಚು ಹಾಕಲು ಅಮ್ಮನಿಗೆ ಹೇಳಿದ್ದೇನೆ. ಅಮ್ಮ ಎರಡು ಹಾಕುತ್ತಾರಂತೆ.

ಪ್ರಿಯರೇ, ವಸ್ತುಗಳನ್ನು ಭರಣಿಯಲ್ಲಿ ಇಡಬಹುದು, ಜೀವ ಇರುವುದನ್ನು ಇಡಬಾರದು. ಈ ಮಾತು ನಮ್ಮ ಧರ್ಮಕೇಂದ್ರಕ್ಕೂ ಸಲ್ಲುತ್ತದೆ. ಕೊಂಕಣಿ, ತುಳು, ಮಲಯಾಳಗಳ ನಡುವೆ ಕನ್ನಡದಲ್ಲಿ ಪ್ರಾರ್ಥಿಸುವ ನಾವು ಕೆಲವೇ ಮಂದಿ. "ನಮ್ಮ ಕಾಲದಲ್ಲಿ ಕನ್ನಡದ ಹಾಡು ಕೇಳಬೇಕಿತ್ತು" ಎಂದು ಹಿರಿಯರು ಹೇಳುತ್ತಾರೆ. ಹಿಂದಿನ ದಿನಗಳು ಇಂದಿಗಿಂತ ಯಾಕೆ ಚೆನ್ನಾಗಿದ್ದವು ಎಂದು ಕೇಳುವುದು ಜಾಣತನವಲ್ಲ ಎನ್ನುತ್ತಾನೆ ಉಪದೇಶಕ (7:10). ಆ ಹಾಡನ್ನು ಈಗಿನ ಮಕ್ಕಳು ಹಾಡಿದರೆ ನಿಮ್ಮ ನೆನಪಿನಷ್ಟು ಚಂದ ಇರಲಿಕ್ಕಿಲ್ಲ. ತಾಳ ತಪ್ಪೀತು, ಉಚ್ಚಾರ ತಪ್ಪೀತು. ಆದರೂ ಕಲಿಸಿ. ಭಾಷೆಗೆ ಬೇಕಾದದ್ದು ಬಾಯಿ.

ನಮ್ಮ ಧರ್ಮಪ್ರಾಂತ್ಯದ ಪೂರ್ವಜರು 1784ರಿಂದ 1799ರವರೆಗೆ ಶ್ರೀರಂಗಪಟ್ಟಣದ ಸೆರೆಯಲ್ಲಿದ್ದರು. ಮರಳಿ ಬಂದಾಗ ಅವರು ನೆನೆಸಿಕೊಂಡಿದ್ದ ಊರು ಹಾಗೇ ಉಳಿದಿರಲಿಲ್ಲ, ಇಗರ್ಜಿಗಳು ನೆಲಸಮವಾಗಿದ್ದವು. ಹಳೆಯ ಇಗರ್ಜಿಯ ನೆನಪು ಕೆಡುತ್ತದೆಂದು ಅವರು ಹೊಸದನ್ನು ಕಟ್ಟದೆ ಬಿಡಲಿಲ್ಲ. ಜೆರುಸಲೇಮಿನಲ್ಲಿ ಎರಡನೆಯ ದೇವಾಲಯಕ್ಕೆ ತಳಪಾಯ ಹಾಕಿದಾಗ ಮೊದಲಿನದನ್ನು ಕಂಡಿದ್ದ ಮುದುಕರು ಗಟ್ಟಿಯಾಗಿ ಅತ್ತರು, ಉಳಿದವರು ಸಂತೋಷದಿಂದ ಕೂಗಿದರು. ಯಾವುದು ಅಳು, ಯಾವುದು ಹರ್ಷ ಎಂದು ತಿಳಿಯದಷ್ಟು ಎರಡೂ ಬೆರೆತವು (ಎಜ್ರ 3:12-13). ಅತ್ತವರನ್ನು ಯಾರೂ ಸುಮ್ಮನಿರಿಸಲಿಲ್ಲ, ಕಟ್ಟುವುದನ್ನೂ ನಿಲ್ಲಿಸಲಿಲ್ಲ.

ಯುವಜನರಿಗೆ ಒಂದು ಮಾತು. ಆಟ ಪಾಪವಲ್ಲ. ಸಂತ ಕಾರ್ಲೊ ಅಕ್ಯುಟಿಸ್ ಅವರೂ ವಿಡಿಯೋ ಗೇಮ್ ಆಡುತ್ತಿದ್ದರು, ಆದರೆ ವಾರಕ್ಕೆ ಒಂದು ಗಂಟೆ ಎಂದು ತಾವೇ ಮಿತಿ ಹಾಕಿಕೊಂಡಿದ್ದರು. 2006ರಲ್ಲಿ, ಹದಿನೈದನೆಯ ವಯಸ್ಸಿಗೆ ತೀರಿಕೊಂಡ ಅವರನ್ನು ಜಗದ್ಗುರು ಹದಿನಾಲ್ಕನೆಯ ಲಿಯೋ ಸಂತರೆಂದು ಘೋಷಿಸಿದ್ದು 2025ರ ಸೆಪ್ಟೆಂಬರ್ 7ರಂದು, ನಮ್ಮ ತೆನೆ ಹಬ್ಬದ ಹಿಂದಿನ ದಿನ. ಆಡಿ. ಸಾಕಾದಾಗ ನಿಲ್ಲಿಸಿ. ಹಳೆಯದು ಬೇಡವೆನಿಸಿದರೆ ಮುಟ್ಟಬೇಡಿ. ಆದರೆ ಆ ಆಟದಲ್ಲಿ ನಿಮ್ಮ ಪಕ್ಕ ಕೂತವರು ಯಾರು ಎಂದು ಒಮ್ಮೆ ನೆನೆಸಿಕೊಳ್ಳಿ. ಅವರು ಬದುಕಿದ್ದರೆ ಈ ನವೇನದ ಒಂಬತ್ತು ದಿನಗಳೊಳಗೆ ಒಂದು ಫೋನ್ ಮಾಡಿ. ತೀರಿಹೋಗಿದ್ದರೆ ಅವರ ಆತ್ಮಕ್ಕಾಗಿ ಒಂದು ಬಲಿಪೂಜೆ ಹೇಳಿಸಿ.

ತಮ್ಮನ್ನು ನೆನೆಯಿರಿ ಎಂದು ಪ್ರಭು ನಮಗೆ ಬಿಟ್ಟುಹೋದದ್ದು ಒಂದು ಊಟವನ್ನು. ಅದು ಎಂದೂ ಹಳಸುವುದಿಲ್ಲ, ಏಕೆಂದರೆ ಅಲ್ಲಿ ನಾವು ಹಳೆಯ ದಿನವನ್ನು ಮತ್ತೆ ಆಡುವುದಿಲ್ಲ, ಜೀವಂತ ಪ್ರಭುವನ್ನು ಭೇಟಿಯಾಗುತ್ತೇವೆ. ನಮ್ಮೆಲ್ಲರ ಲೈಫ್ ಮುಗಿದಾಗ ತಮ್ಮದನ್ನು ಕೊಟ್ಟವರು ಅವರು. ತೆನೆ ಹಬ್ಬದಲ್ಲೂ ಹಾಗೆಯೇ: ಹಬ್ಬ ಹಳೆಯದು, ಹಾಲಿಗೆ ಬೆರೆಸುವ ಕಾಳು ಮಾತ್ರ ಈ ವರ್ಷದ್ದು.

ಪ್ರಾರ್ಥಿಸೋಣ: ಕರುಣಾಮಯ ತಂದೆಯೇ, ನಮ್ಮ ಬಾಲ್ಯದಲ್ಲಿ ನೀವು ಕೊಟ್ಟ ಎಲ್ಲ ಸಂತೋಷಗಳಿಗಾಗಿ ವಂದನೆ. ಮುಚ್ಚಿಡಬೇಕಾದದ್ದನ್ನು ಕೃತಜ್ಞತೆಯಿಂದ ಮುಚ್ಚಿಡಲು, ತೆರೆಯಬೇಕಾದ ಬಾಗಿಲನ್ನು ಹೆದರದೆ ತೆರೆಯಲು ನಮಗೆ ಕಲಿಸಿ. ಮಾತು ನಿಂತ ಮನೆಗಳಲ್ಲಿ ಈ ಹಬ್ಬಕ್ಕೆ ಒಂದು ಎಲೆ ಹೆಚ್ಚು ಬೀಳಲಿ. ಕನ್ಯಾ ಮರಿಯಮ್ಮನವರೇ, ನಮಗಾಗಿ ಪ್ರಾರ್ಥಿಸಿ. ಆಮೆನ್.

— ಯುವಜನ ಸಂಯೋಜಕಿ, ನೆಕ್ರಾಜೆ